ಬನ್ಸ್ ಅಂದ್ರೆ ಸಾಲದು, ‘ಮಂಗಳೂರು ಬನ್ಸ್’ ಅನ್ನಬೇಕು

ಉಡುಪಿಯ ಯಾವುದಾದರೂ ಹೋಟೆಲಿಗೆ ಹೋಗಿ ‘ಒಂದು ಪ್ಲೇಟ್ ಮಂಗಳೂರು ಬನ್ಸ್ ಕೊಡಿ’ ಅಂತ ಕೇಳಿ ನೋಡಿ. ಸಪ್ಲಾಯರ್ ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಇವರು ಘಟ್ಟದ ಮೇಲಿನವರು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ಅದು ಬರೀ ಬನ್ಸ್. ಗೋಳಿಬಜೆಯ ಕಥೆಯೂ ಅದೇ. ನಮಗೆ ಗೋಳಿಬಜೆ, ಬೆಂಗಳೂರಿನವರಿಗೆ ಮಂಗಳೂರು ಬಜ್ಜಿ. ಉಡುಪಿ ಕಡೆಯ ಶಂಕರಪುರದ ಮನೆಗಳಲ್ಲಿ ಬೆಳಿಗ್ಗೆ ಕೊಯ್ಯುವ ಹೂವಿಗೆ ಅಲ್ಲಿನವರು ‘ಉಡುಪಿ ಮಲ್ಲಿಗೆ’ ಅನ್ನುವುದಿಲ್ಲ, ಮಲ್ಲಿಗೆ ಅಷ್ಟೇ. ನಮ್ಮೂರಿನ ವಸ್ತುವಿಗೆ ನಾವು ಊರಿನ ಹೆಸರು ಸೇರಿಸುವುದಿಲ್ಲ. ಸೇರಿಸುವವರು ಹೊರಗಿನವರು.

ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ಎಸ್‌ಇಒ, ಅಂತ ದೊಡ್ಡ ಹೆಸರಿಟ್ಟುಕೊಂಡ ಕೆಲಸ ಒಂದಿದೆ. ಗೂಗಲಿನಲ್ಲಿ ಹುಡುಕಿದವರಿಗೆ ನಮ್ಮ ಸೈಟ್ ಕಾಣಿಸುವಂತೆ ಮಾಡುವುದು. ಅದರಲ್ಲಿ ಅರ್ಧ ಭಾಗ ಇಷ್ಟೇ. ನಿಮ್ಮಲ್ಲಿ ಇರುವುದನ್ನು ಹೊರಗಿನವರು ಯಾವ ಹೆಸರಿನಿಂದ ಕರೆಯುತ್ತಾರೆ ಅಂತ ತಿಳಿದುಕೊಳ್ಳುವುದು. ಉಳಿದರ್ಧ, ನಿಮ್ಮ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅನ್ನುವುದು. ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್ ಬರುವಂತೆ ಮಾಡುವ ಆ ಎರಡನೆಯದಕ್ಕೆ ಲಿಂಕ್ ಬಿಲ್ಡಿಂಗ್ ಎಂದು ಹೆಸರು.

ನನ್ನ ಅಕ್ಕ ಮಲ್ಪೆ ಪಕ್ಕದ ಪಡುಕೆರೆಯಲ್ಲಿ ಒಂದು ಪುಟ್ಟ ಹೋಮ್‌ಸ್ಟೇ ನಡೆಸುತ್ತಾಳೆ. ಎರಡು ಕೋಣೆ, ಮುಂದೆ ಸಮುದ್ರ, ಹಿಂದೆ ಹೊಳೆ. ವೆಬ್‌ಸೈಟ್ ಮಾಡಿಸಿ ಎರಡು ತಿಂಗಳಾದ ಮೇಲೆ ನನಗೆ ಫೋನ್ ಮಾಡಿದಳು. ‘ಗೂಗಲಲ್ಲಿ ಎಷ್ಟು ಹುಡುಕಿದ್ರೂ ನಮ್ಮದು ಬರುದೇ ಇಲ್ಲ ಮಾರಾಯ. ಎಂತ ಕಥೆ ಇದು?’

ಇಂಥ ದೂರು ಬಂದಾಗ ಮೊದಲು ನೋಡಬೇಕಾದ್ದು ಒಂದೇ. ಸೈಟ್ ಹಿಂದೆ ಬಿದ್ದಿದೆಯಾ, ಅಥವಾ ಪಟ್ಟಿಯಲ್ಲೇ ಇಲ್ಲವಾ? ಇವು ಎರಡು ಬೇರೆ ಬೇರೆ ರೋಗ. ಗೂಗಲ್ ಕೆಲಸ ಮಾಡುವುದು ಮೂರು ಹಂತದಲ್ಲಿ. ಮೊದಲು ಅದರ ಕ್ರಾಲರ್ ಎಂಬ ಪ್ರೋಗ್ರಾಂ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಓಡಾಡುತ್ತದೆ. ಕಂಡ ಪುಟವನ್ನು ಓದಿ ಇಂಡೆಕ್ಸಿನಲ್ಲಿ ಬರೆದಿಡುತ್ತದೆ. ಯಾರಾದರೂ ಏನಾದರೂ ಹುಡುಕಿದಾಗ ಆ ಇಂಡೆಕ್ಸಿನಿಂದ ಪುಟಗಳನ್ನು ತೆಗೆದು ಸಾಲಾಗಿ ನಿಲ್ಲಿಸುತ್ತದೆ. ಹೆಚ್ಚಿನವರು ಮೂರನೇ ಹಂತದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಒಂದನೆಯದರಲ್ಲೋ ಎರಡನೆಯದರಲ್ಲೋ.

ಪರೀಕ್ಷೆ ಸುಲಭ. ಗೂಗಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಬರೆಯಿರಿ. ಇಂಡೆಕ್ಸಿನಲ್ಲಿರುವ ನಿಮ್ಮ ಪುಟಗಳು ಕಾಣಿಸುತ್ತವೆ. ಅಕ್ಕನದ್ದು ಒಂದೂ ಬರಲಿಲ್ಲ.

ಸೈಟ್ ಕಟ್ಟಲು ಬಳಸಿದ್ದ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್ ತೆರೆದು ಸೆಟ್ಟಿಂಗ್ಸ್‌ನ ಒಳಗೆ ರೀಡಿಂಗ್ ಎಂಬಲ್ಲಿ ನೋಡಿದೆ. ಅಲ್ಲೊಂದು ಚಿಕ್ಕ ಚೌಕ ಇದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡದಂತೆ ತಡೆಯಿರಿ ಎಂಬ ಅರ್ಥದ ಸಾಲಿನ ಪಕ್ಕ. ಅದಕ್ಕೆ ಟಿಕ್ ಬಿದ್ದಿತ್ತು. ಸೈಟ್ ಕಟ್ಟುವಾಗ, ಅರ್ಧಂಬರ್ಧ ಪುಟ ಯಾರಿಗೂ ಕಾಣದಿರಲಿ ಅಂತ ಡಿಸೈನರ್ ಹಾಕಿದ್ದ ಟಿಕ್. ತೆಗೆಯಲು ಮರೆತಿದ್ದ. ಎರಡು ತಿಂಗಳು ಅಕ್ಕ ಗೂಗಲಿಗೆ ಶಾಪ ಹಾಕಿದ್ದಳು. ಗೂಗಲ್ ಪಾಪ, ‘ಬರಬೇಡಿ’ ಅಂತ ಬೋರ್ಡ್ ನೋಡಿ ಗೇಟಿನಿಂದಲೇ ವಾಪಸ್ ಹೋಗಿತ್ತು.

ಟಿಕ್ ತೆಗೆದೆ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ಸೇರಿಸಿದೆ. 2015ರ ತನಕ ಇದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್ ಅಂತಿತ್ತು. ಪುಕ್ಕಟೆ. ಎಸ್‌ಇಒಗೆ ಒಂದೇ ಒಂದು ಉಪಕರಣ ಇಟ್ಟುಕೊಳ್ಳುವುದಿದ್ದರೆ ಇದನ್ನೇ ಇಟ್ಟುಕೊಳ್ಳಿ. ಯಾವ ಪುಟ ಇಂಡೆಕ್ಸ್ ಆಗಿದೆ, ಯಾವುದು ಆಗಿಲ್ಲ, ಯಾಕೆ ಆಗಿಲ್ಲ, ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಎಲ್ಲವೂ ಅಲ್ಲಿದೆ. ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿಯನ್ನೂ ಅಲ್ಲೇ ಕೊಡಬಹುದು. ಆಮೇಲೆ ಕಾಯಬೇಕು. ಗೂಗಲೇ ಹೇಳುವಂತೆ ಕೆಲವು ಬದಲಾವಣೆ ಕೆಲವೇ ಗಂಟೆಯಲ್ಲಿ ಕಾಣಿಸುತ್ತದೆ, ಕೆಲವಕ್ಕೆ ತಿಂಗಳುಗಳೇ ಬೇಕು. ದಿನಾ ಬೆಳಿಗ್ಗೆ ಎದ್ದು ನೋಡಿದರೆ ಸುಮ್ನೆ ಬಿಪಿ ಏರುತ್ತದೆ ಅಷ್ಟೇ.

ಕಾಯುವ ಹೊತ್ತಿನಲ್ಲಿ ಪುಟಗಳ ಮೇಲೆ ಕೈಯಾಡಿಸಿದೆವು. ಮೊದಲ ಪುಟದ ಟೈಟಲ್ ‘ಹೋಮ್’ ಅಂತಿತ್ತು. ಟೈಟಲ್ ಅಂದರೆ ಗೂಗಲ್ ಫಲಿತಾಂಶದಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸಾಲು. ಅಂಗಡಿಯ ಬೋರ್ಡಿನ ಮೇಲೆ ‘ಅಂಗಡಿ’ ಅಂತ ಬರೆದ ಹಾಗಾಯಿತು. ಅಕ್ಕ ಬದಲಿಸಿ ‘ಪಡುಕೆರೆ ಹೋಮ್‌ಸ್ಟೇ’ ಅಂತ ಹಾಕಿದಳು. ಅದೂ ಸಾಲದು. ಪಡುಕೆರೆ ಅಂತ ಟೈಪ್ ಮಾಡುವವರಿಗೆ ಆಗಲೇ ಪಡುಕೆರೆ ಗೊತ್ತಿರುತ್ತದೆ. ಹುಬ್ಬಳ್ಳಿಯಿಂದ ಹೊರಡುವ ಕುಟುಂಬಕ್ಕೆ ಗೊತ್ತಿರುವುದು ಮಲ್ಪೆ ಬೀಚ್. ಕೊನೆಗೆ ‘ಮಲ್ಪೆ ಬೀಚ್ ಹತ್ತಿರ ಕುಟುಂಬಕ್ಕೆ ಹೋಮ್‌ಸ್ಟೇ, ಪಡುಕೆರೆ, ಉಡುಪಿ’ ಎಂದಾಯಿತು. ಮತ್ತೆ ನೋಡಿ, ಅದೇ ಬನ್ಸ್ ಮತ್ತು ಮಂಗಳೂರು ಬನ್ಸ್.

ಕೀವರ್ಡ್ ರಿಸರ್ಚ್, ಅಂದರೆ ಹುಡುಕುವವರು ಟೈಪ್ ಮಾಡುವ ಪದಗಳನ್ನು ತಿಳಿದುಕೊಳ್ಳುವುದು, ಅಂತ ಕರೆಯುವುದು ಇದನ್ನೇ. ಮಂಗಳೂರಿನವರಿಗೆ ಇದು ಇನ್ನೂ ಮಜವಾದ ಆಟ. ಒಂದೇ ಊರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಮಂಗಳೂರು ಆದರೂ ಮ್ಯಾಂಗಲೋರ್ ಅಂತ ಟೈಪ್ ಮಾಡುವವರು ಕಡಿಮೆಯಾಗಿಲ್ಲ. ಇವೆರಡು ಒಂದೇ ಅಂತ ಗೂಗಲಿಗೆ ಗೊತ್ತು. ಹಾಗಾಗಿ ಪ್ರತಿ ಸಾಲಿನಲ್ಲೂ ಎರಡನ್ನೂ ತುರುಕಬೇಕಿಲ್ಲ. ಒಂದೆರಡು ಕಡೆ ಸಹಜವಾಗಿ ಬಂದರೆ ಸಾಕು. ತುರುಕುವುದಕ್ಕೆ ಕೀವರ್ಡ್ ಸ್ಟಫಿಂಗ್ ಅಂತಾರೆ, ಅದನ್ನು ಗೂಗಲ್ ಸ್ಪ್ಯಾಮ್ ಅಂತಲೇ ಲೆಕ್ಕ ಹಾಕುತ್ತದೆ. ಇನ್ನು ‘ಮೆಟಾ ಕೀವರ್ಡ್ಸ್’ ಎಂಬ, ಓದುಗರ ಕಣ್ಣಿಗೆ ಕಾಣದ ಜಾಗದಲ್ಲಿ ಐವತ್ತು ಪದ ತುಂಬಿ ಅದಕ್ಕೂ ಬಿಲ್ ಮಾಡುವವರು ಈಗಲೂ ಇದ್ದಾರೆ. ರ‍್ಯಾಂಕಿಂಗಿಗೆ ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಪದಗಳನ್ನು ಎಲ್ಲಿ ಹುಡುಕುವುದು? ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಅಕ್ಕನ ವಾಟ್ಸಾಪ್ ತೆರೆದು ಕೂತೆವು. ಗಿರಾಕಿಗಳು ಕೇಳಿದ ಪ್ರಶ್ನೆಗಳೇ ಕೀವರ್ಡುಗಳು. ‘ಉಡುಪಿ ಮಠಕ್ಕೆ ಎಷ್ಟು ದೂರ?’ ‘ಮೀನಿನ ಊಟ ಸಿಗುತ್ತಾ?’ ಎಲ್ಲಕ್ಕಿಂತ ಜಾಸ್ತಿ ಸಲ ಬಂದದ್ದು, ‘ಸೈಂಟ್ ಮೇರೀಸ್‌ಗೆ ಇವತ್ತು ಬೋಟ್ ಇದೆಯಾ?’ ಈ ಕೊನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಮಾತ್ರ ಕಾಡುವ ಕೆಲವು ಗೋಳು ಇವೆ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಹಾಕಿದರೆ ನಿಮ್ಮ ಕಣ್ಣಿಗೆ ಕನ್ನಡ, ಗೂಗಲಿನ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ಗೆ ಬದಲಿಸಲೇಬೇಕು. ಮೆನು, ರೇಟು, ಆಮಂತ್ರಣ ಎಲ್ಲವನ್ನೂ ಚಿತ್ರವಾಗಿ ಹಾಕುವ ಅಭ್ಯಾಸ ನಮ್ಮಲ್ಲಿದೆ. ಚಿತ್ರದೊಳಗಿನ ಅಕ್ಷರವನ್ನು ನಂಬಿ ಕೂರಬೇಡಿ, ಅದನ್ನೇ ಪಠ್ಯವಾಗಿಯೂ ಬರೆಯಿರಿ. ಪುಟದ ವಿಳಾಸ ಕನ್ನಡದಲ್ಲಿ ಇರಬಹುದು, ಗೂಗಲಿಗೆ ತೊಂದರೆಯಿಲ್ಲ. ಆದರೆ ಕಾಪಿ ಮಾಡಿ ಕಳಿಸಿದಾಗ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು, ಅಂಕಿ, ಅಕ್ಷರ ಸೇರಿ ಒಂಬತ್ತಾಗಿ ಬಿಚ್ಚಿಕೊಳ್ಳುತ್ತದೆ. ‘ಉಡುಪಿ’ ಎಂಬ ಪುಟ್ಟ ಪದದಲ್ಲಿ ಕೊಂಬು ಗುಡಿಸು ಎಲ್ಲ ಸೇರಿ ಐದು ಚಿಹ್ನೆ. ಅದು ನಲವತ್ತೈದು ಅಕ್ಷರದ ಬಾಲವಾಗುತ್ತದೆ. ಅಂಥ ಲಿಂಕನ್ನು ವಾಟ್ಸಾಪಿನಲ್ಲಿ ನೋಡಿದವರು ವೈರಸ್ ಅಂದುಕೊಂಡು ಒತ್ತುವುದಿಲ್ಲ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ವಿಷಯ ಕನ್ನಡದಲ್ಲಿ. ನಾನು ಮಾಡುವುದು ಹೀಗೆ.

ವೇಗದ ಬಗ್ಗೆ ಒಂದು ಮಾತು. ಫೋನಿನಲ್ಲಿ ತೆಗೆದ ಐದು ಎಂಬಿ ಫೋಟೋವನ್ನು ಹಾಗೇ ಹಾಕಬೇಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟ ಗುರಿ. ನಿಮ್ಮ ಗಿರಾಕಿ ಆಗುಂಬೆ ಘಾಟಿಯ ಬಸ್ಸಿನಲ್ಲಿ, ಸಿಗ್ನಲ್ ಬಂದು ಹೋಗಿ ಮಾಡುವಾಗ, ಸೈಟ್ ತೆರೆಯುತ್ತಿದ್ದಾನೆ ಅಂತ ಭಾವಿಸಿ.

ಈಗ ಲಿಂಕಿನ ವಿಷಯ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಎಲ್ಲರೂ ಕೈ ಸುಟ್ಟುಕೊಳ್ಳುವುದೂ ಇಲ್ಲೇ.

ಮದುವೆಗೆ ಅಡುಗೆಯವರನ್ನು ಹುಡುಕುವುದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ಯಾರೂ ಜಾಹೀರಾತು ನೋಡಿ ಗೊತ್ತು ಮಾಡುವುದಿಲ್ಲ. ನಾಲ್ಕು ಜನರನ್ನು ಕೇಳುತ್ತೇವೆ. ದೇವಸ್ಥಾನದ ಭಟ್ಟರು ‘ಅವರಿಗೆ ಹೇಳಿ, ಪಾಯಸ ಒಂದು ಕೈ ಮೇಲೆ’ ಅಂದರೆ ಅದಕ್ಕೆ ತೂಕ ಜಾಸ್ತಿ. ಯಾಕೆಂದರೆ ಭಟ್ಟರ ಮಾತನ್ನು ಊರೇ ಕೇಳುತ್ತದೆ. ಅವರು ಇಬ್ಬರ ಹೆಸರು ಮಾತ್ರ ಹೇಳಿದರೆ ಆ ತೂಕ ಇಬ್ಬರಿಗೆ ಹಂಚಿಹೋಗುತ್ತದೆ. ಐವತ್ತು ಜನರ ನಂಬರಿರುವ ಚೀಟಿ ಕೊಟ್ಟರೆ? ಆ ಚೀಟಿಗೆ ಏನೂ ಬೆಲೆಯಿಲ್ಲ.

ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಇದನ್ನೇ ಲೆಕ್ಕವಾಗಿ ಬರೆದರು. ಆಗ ಅವರ ಸರ್ಚ್ ಎಂಜಿನ್ನಿನ ಹೆಸರು ಬ್ಯಾಕ್‌ರಬ್. 1998ರಲ್ಲಿ ಗೂಗಲ್ ಕಂಪನಿಯಾಯಿತು. ಆ ಲೆಕ್ಕಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರು. ಪುಟ ಎಂಬ ಅರ್ಥದ ಪೇಜ್ ಅಲ್ಲ, ಲ್ಯಾರಿ ಪೇಜ್ ಅವರ ಹೆಸರಿನ ಪೇಜ್. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು. ಶಿಫಾರಸು ಮಾಡುವ ಪುಟಕ್ಕೆ ಎಷ್ಟು ತೂಕವಿದೆಯೋ, ಅದರಲ್ಲಿ 0.85 ಭಾಗ ಮುಂದಕ್ಕೆ ಹೋಗುತ್ತದೆ. ಅದೂ ಎಷ್ಟು ಲಿಂಕ್ ಇವೆಯೋ ಅಷ್ಟಕ್ಕೆ ಹಂಚಿ. ಹತ್ತು ತೂಕದ ಪುಟದಲ್ಲಿ ಎರಡೇ ಲಿಂಕ್ ಇದ್ದರೆ ಒಂದೊಂದಕ್ಕೆ 4.25 ಸಿಗುತ್ತದೆ. ಅದೇ ತೂಕದ ಪುಟದಲ್ಲಿ ಐವತ್ತು ಲಿಂಕ್ ಇದ್ದರೆ ಒಂದಕ್ಕೆ ಸಿಗುವುದು 0.17. ಭಟ್ಟರ ಮಾತಿಗೂ ಆ ಚೀಟಿಗೂ ಇರುವ ಅಂತರ ಇದೇ. ಪೂರ್ತಿ ತೂಕ ಹೋಗದೆ 0.85 ಮಾತ್ರ ಯಾಕೆ? ಓದುವವನು ಎಲ್ಲ ಸಲವೂ ಲಿಂಕ್ ಒತ್ತುತ್ತಲೇ ಹೋಗುವುದಿಲ್ಲ, ನಡುವೆ ಬೇಜಾರಾಗಿ ಬೇರೆಲ್ಲಿಗೋ ಹಾರುತ್ತಾನೆ ಎಂಬ ಲೆಕ್ಕ ಅದು.

ಈ ಲೆಕ್ಕ 1998ರದ್ದು. ಇವತ್ತು ಗೂಗಲ್ ಇನ್ನೂ ಎಷ್ಟೋ ಸಂಗತಿ ನೋಡುತ್ತದೆ. ಆದರೂ ಪೇಜ್‌ರ‍್ಯಾಂಕ್ ಬದಲಾದ ರೂಪದಲ್ಲಿ ಒಳಗೆ ಈಗಲೂ ಇದೆ. ಹೊರಗಿನವರಿಗೆ ಆ ಅಂಕಿ ತೋರಿಸುವುದನ್ನು 2016ರಲ್ಲಿ ನಿಲ್ಲಿಸಿದರು. ಈಗ ಮಾರುಕಟ್ಟೆಯಲ್ಲಿ ‘ನಿಮ್ಮ ಡೊಮೇನ್ ಅಥಾರಿಟಿ 12, ನಾವು 40 ಮಾಡಿಕೊಡುತ್ತೇವೆ’ ಅಂತ ಬರುವವರು ಹೇಳುವ ಅಂಕಿ ಗೂಗಲಿನದ್ದಲ್ಲ. ಮಾಜ಼್ ಎಂಬ ಕಂಪನಿ, ಸೈಟ್ ಎಷ್ಟು ಮೇಲೆ ಬರಬಹುದು ಅಂತ ಮಾಡಿದ ಅಂದಾಜು. ಹೋಲಿಕೆಗೆ ಪರವಾಗಿಲ್ಲ, ಅದಕ್ಕಾಗಿ ದುಡ್ಡು ಸುರಿಯುವುದು ವ್ಯರ್ಥ.

ಪೇಜ್ ಮತ್ತು ಬ್ರಿನ್ ಆ ಕಾಲದಲ್ಲಿ ಬರೆದ ಪ್ರಬಂಧದಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು. ಲಿಂಕಿನ ಮೇಲೆ ಬರೆದ ಪದಗಳಿಗೆ ಆ್ಯಂಕರ್ ಟೆಕ್ಸ್ಟ್ ಅಂತಾರೆ. ಒಂದು ಪುಟದ ಬಗ್ಗೆ ಆ ಪುಟವೇ ಹೇಳಿಕೊಳ್ಳುವುದಕ್ಕಿಂತ, ಅದಕ್ಕೆ ಲಿಂಕ್ ಕೊಟ್ಟವರ ಪದಗಳು ಎಷ್ಟೋ ಸಲ ಹೆಚ್ಚು ಸರಿಯಾಗಿ ವಿವರಿಸುತ್ತವೆ ಅಂತ ಪೇಜ್ ಮತ್ತು ಬ್ರಿನ್ ಅಲ್ಲಿ ಬರೆದಿದ್ದಾರೆ. ನಾನು ಬನ್ಸ್ ಅಂತ ಬೋರ್ಡ್ ಹಾಕಿಕೊಂಡಿರುತ್ತೇನೆ. ‘ಒಳ್ಳೆ ಮಂಗಳೂರು ಬನ್ಸ್ ಸಿಗುವ ಜಾಗ’ ಅಂತ ಬೆಂಗಳೂರಿನವರು ಲಿಂಕ್ ಕೊಡುತ್ತಾರೆ. ಗೂಗಲ್ ಎರಡನ್ನೂ ಓದುತ್ತದೆ. ನಿಮ್ಮದೇ ಪುಟಗಳ ನಡುವೆ ಲಿಂಕ್ ಕೊಡುವಾಗಲೂ ಅಷ್ಟೇ, ‘ಇಲ್ಲಿ ಕ್ಲಿಕ್ ಮಾಡಿ’ ಅನ್ನುವ ಬದಲು ‘ಮಲ್ಪೆಯಿಂದ ಉಡುಪಿ ಮಠಕ್ಕೆ ದಾರಿ’ ಅಂತ ಬರೆಯಿರಿ. ಖರ್ಚಿಲ್ಲದ ಕೆಲಸ.

ಶಿಫಾರಸಿಗೆ ಬೆಲೆ ಇದೆ ಅಂತ ಗೊತ್ತಾದ ಕೂಡಲೇ ಶಿಫಾರಸು ಮಾರುವವರು ಹುಟ್ಟಿಕೊಳ್ಳುತ್ತಾರೆ, ಅಲ್ವಾ? ನಾನೂ ಕೊಂಡಿದ್ದೆ. 2011ರ ಕೊನೆಯಲ್ಲಿ ಮಂಗಳೂರಿನ ಗೆಳೆಯನೊಬ್ಬ ಗೇರುಬೀಜ ಮಾರುವ ಸೈಟ್ ಶುರು ಮಾಡಿದ್ದ. ಎರಡು ಸಾವಿರ ರೂಪಾಯಿಗೆ ಐನೂರು ಲಿಂಕ್ ಅಂತ ಒಂದು ಜಾಹೀರಾತು ನೋಡಿ ನಾನೇ ಅವನಿಗೆ ಕೊಡಿಸಿದೆ. ಐನೂರು ಲಿಂಕಿಗೂ ಒಂದೇ ಆ್ಯಂಕರ್, ‘ಬೆಸ್ಟ್ ಕ್ಯಾಶ್ಯೂ ಮ್ಯಾಂಗಲೋರ್’. ಲಿಂಕ್ ಇದ್ದದ್ದು ಎಲ್ಲಿ? ರಿಂಗ್‌ಟೋನ್ ಸೈಟುಗಳಲ್ಲಿ, ಜೂಜಿನ ಸೈಟುಗಳಲ್ಲಿ, ಯಾವ ಭಾಷೆಯೆಂದೇ ನನಗೆ ಗೊತ್ತಾಗದ ಪುಟಗಳ ಅಡಿಯಲ್ಲಿ. ಮೂರು ತಿಂಗಳು ಸೈಟ್ ಗೂಗಲಿನ ಮೊದಲ ಪುಟದಲ್ಲಿತ್ತು. ಗೆಳೆಯ ನನಗೆ ಒಂದು ಡಬ್ಬ ಗೇರುಬೀಜ ಕೊಟ್ಟ.

2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಅಪ್‌ಡೇಟ್ ಬಿಟ್ಟಿತು. ಇಂಥ ಲಿಂಕುಗಳನ್ನು ಹಿಡಿಯುವುದೇ ಅದರ ಕೆಲಸ. ವಾರದೊಳಗೆ ಸೈಟ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸೈಟುಗಳ ಮಾಲೀಕರಿಗೆ ‘ದಯವಿಟ್ಟು ಲಿಂಕ್ ತೆಗೆಯಿರಿ’ ಅಂತ ಮೇಲ್ ಬರೆದೆ. ಒಬ್ಬರು ತೆಗೆಯಲಿಕ್ಕೂ ದುಡ್ಡು ಕೇಳಿದರು. ‘ಈ ಲಿಂಕುಗಳು ನನಗೆ ಬೇಡ’ ಎಂದು ಗೂಗಲಿಗೆ ಹೇಳುವ ಡಿಸ್‌ಅವೋ ಎಂಬ ಸೌಲಭ್ಯ ಅದೇ ಅಕ್ಟೋಬರಿನಲ್ಲಿ ಬಂತು, ಅದನ್ನೂ ಮಾಡಿದೆ. ಆದರೆ ಆಗ ಪೆಂಗ್ವಿನ್ ಆಗೊಮ್ಮೆ ಈಗೊಮ್ಮೆ ಮಾತ್ರ ಓಡುತ್ತಿತ್ತು. ಮುಂದಿನ ಸಲದವರೆಗೆ ಕಾಯುವುದೇ ಗತಿ. ಗೆಳೆಯ ಕಾಯದೆ ಹೊಸ ಡೊಮೇನ್, ಅಂದರೆ ಸೈಟಿಗೆ ಹೊಸ ವಿಳಾಸ ಕೊಂಡ. ಗೇರುಬೀಜದ ಡಬ್ಬ ಮತ್ತೆ ಬರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಪೆಂಗ್ವಿನ್ ಗೂಗಲಿನ ಮೂಲ ವ್ಯವಸ್ಥೆಯೊಳಗೇ ಸೇರಿಕೊಂಡಿತು. ಈಗ ಕೆಟ್ಟ ಲಿಂಕುಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಕೊಂಡವರಿಗೆ ಶಿಕ್ಷೆಗಿಂತ ನಷ್ಟವೇ ಜಾಸ್ತಿ, ಕೊಟ್ಟ ದುಡ್ಡು ಹೊಳೆಗೆ ಹಾಕಿದ ಹುಣಸೆಹಣ್ಣು. ಮಿತಿ ಮೀರಿದರೆ ಗೂಗಲಿನ ಸಿಬ್ಬಂದಿಯೇ ನೋಡಿ ಮ್ಯಾನುವಲ್ ಆಕ್ಷನ್ ಎಂಬ ಶಿಕ್ಷೆ ಹಾಕುವುದೂ ಉಂಟು. ಹಾಕಿದರೆ ಸರ್ಚ್ ಕನ್ಸೋಲ್‌ನಲ್ಲಿ ಕಾಣಿಸುತ್ತದೆ. ‘ಮೊದಲ ಸ್ಥಾನ ಗ್ಯಾರಂಟಿ’ ಅನ್ನುವವರ ಫೋನ್ ಬಂದರೆ ಅಲ್ಲೇ ಕಟ್ ಮಾಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲೇ ಬರೆದಿಟ್ಟಿದೆ.

ಎಲ್ಲ ಲಿಂಕೂ ಶಿಫಾರಸಲ್ಲ ಅನ್ನುವುದನ್ನೂ ತಿಳಿದಿರಿ. 2005ರಲ್ಲಿ ನೋಫಾಲೋ ಎಂಬ ಗುರುತು ಬಂತು. ‘ಲಿಂಕ್ ಕೊಟ್ಟಿದ್ದೇನೆ, ಜವಾಬ್ದಾರಿ ನನ್ನದಲ್ಲ’ ಅಂತ ಅದರ ಅರ್ಥ. 2019ರಲ್ಲಿ ಜಾಹೀರಾತಿನ ಲಿಂಕಿಗೆ ಸ್ಪಾನ್ಸರ್ಡ್, ಓದುಗರು ಹಾಕಿದ ಲಿಂಕಿಗೆ ಯುಜಿಸಿ ಎಂಬ ಗುರುತುಗಳೂ ಸೇರಿದವು. ವಿಕಿಪೀಡಿಯಾ ಹೊರಗಿನ ಲಿಂಕುಗಳಿಗೆ ನೋಫಾಲೋ ಹಾಕುತ್ತದೆ. ಹಾಗಾಗಿ ಮಲ್ಪೆಯ ಲೇಖನದ ಅಡಿಯಲ್ಲಿ ನಿಮ್ಮ ಹೋಮ್‌ಸ್ಟೇ ಲಿಂಕ್ ಸಿಕ್ಕಿಸಲು ಹೋಗಬೇಡಿ. ಪ್ರಯೋಜನವೂ ಇಲ್ಲ, ಅಲ್ಲಿನ ಸಂಪಾದಕರು ಅರ್ಧ ಗಂಟೆಯಲ್ಲಿ ಕಿತ್ತೂ ಹಾಕುತ್ತಾರೆ.

ಹಾಗಾದರೆ ಒಳ್ಳೆಯ ಲಿಂಕ್ ಬರುವುದು ಎಲ್ಲಿಂದ? ಮೊದಲು ನಿಮ್ಮನ್ನು ಆಗಲೇ ಬಲ್ಲವರಿಂದ. ನೀವು ಸಾಮಾನು ತರುವ ಅಂಗಡಿ, ನಿಮ್ಮ ಸಂಘ, ನೀವು ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳ ಪುಟ, ನಿಮ್ಮ ಬಗ್ಗೆ ಬರೆದ ಸ್ಥಳೀಯ ಪತ್ರಿಕೆ. ಪತ್ರಿಕೆ ನಿಮ್ಮ ಹೆಸರು ಹಾಕಿ ಲಿಂಕ್ ಹಾಕಿರದಿದ್ದರೆ ಕೇಳಿ, ನಾಚಿಕೆ ಬೇಡ. ಸ್ಥಳೀಯ ವ್ಯಾಪಾರವಾದರೆ ಗೂಗಲ್ ಬಿಸಿನೆಸ್ ಪ್ರೊಫೈಲನ್ನು ಇವತ್ತೇ ಮಾಡಿಕೊಳ್ಳಿ. ಮ್ಯಾಪಿನಲ್ಲಿ ಕಾಣುವುದು ಅದರಿಂದ. ಅಲ್ಲಿ ಗೂಗಲ್ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ. ಕೇಳಿದ್ದಕ್ಕೂ ನಿಮಗೂ ಸಂಬಂಧ ಎಷ್ಟು, ಕೇಳುವವರಿಂದ ನೀವು ಎಷ್ಟು ದೂರ, ನಿಮಗೆ ಹೆಸರು ಎಷ್ಟು. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ಥರ ಇರಲಿ.

ಆಮೇಲಿನದ್ದು ಕಷ್ಟದ ದಾರಿ, ಆದರೆ ನಿಜವಾದ ದಾರಿ. ಯಾರಿಗಾದರೂ ಲಿಂಕ್ ಕೊಡೋಣ ಅನ್ನಿಸುವಂಥ ಒಂದು ಪುಟ ಬರೆಯಬೇಕು. ‘ನಮ್ಮ ಕೋಣೆಗಳು ಸ್ವಚ್ಛ’ ಅನ್ನುವ ಪುಟಕ್ಕೆ ಯಾರು ಲಿಂಕ್ ಕೊಡುತ್ತಾರೆ? ನಾನು ಅಕ್ಕನಿಗೆ ಆ ವಾಟ್ಸಾಪ್ ಪ್ರಶ್ನೆ ನೆನಪಿಸಿದೆ. ಸೈಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಹೋಗುವ ಬೋಟು ಮಳೆಗಾಲದಲ್ಲಿ ನಿಲ್ಲುತ್ತದೆ. ಉಳಿದ ತಿಂಗಳಲ್ಲೂ ಸಮುದ್ರ ಜೋರಾದರೆ ಇಲ್ಲ. ನೂರಾರು ಕಿಲೋಮೀಟರ್ ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು ಜೆಟ್ಟಿಯಲ್ಲಿ ನಿಂತು ಸಪ್ಪೆ ಮುಖ ಮಾಡುವುದನ್ನು ಅಕ್ಕ ವರ್ಷವರ್ಷವೂ ನೋಡುತ್ತಾಳೆ.

‘ಒಂದು ಪುಟ ಮಾಡು. ಇವತ್ತು ಬೋಟ್ ಇದೆಯಾ ಇಲ್ಲವಾ, ಮೇಲೆ ಒಂದೇ ಸಾಲು. ಕೆಳಗೆ ಟಿಕೆಟ್ ಎಲ್ಲಿ, ಕಾರ್ ಎಲ್ಲಿ ನಿಲ್ಲಿಸುವುದು, ದ್ವೀಪದಲ್ಲಿ ಆ ಕಂಬದಂಥ ಕಲ್ಲುಗಳು ಹೇಗಾದವು, ಜಾರುವ ಬಂಡೆ ಯಾವ ಕಡೆ. ನಿನಗೆ ಗೊತ್ತಿರುವುದೇ.’

‘ಅದರಲ್ಲಿ ರೂಮಿನ ವಿಷಯ ಎಲ್ಲಿ ಬಂತು?’

‘ಬರುವುದು ಬೇಡ. ಕೆಳಗೆ ಒಂದು ಸಾಲು ಸಾಕು.’

ಒಲ್ಲದ ಮನಸ್ಸಿನಿಂದ ಬರೆದಳು. ನಾಲ್ಕೈದು ತಿಂಗಳಾದ ಮೇಲೆ ಸರ್ಚ್ ಕನ್ಸೋಲ್‌ನ ಲಿಂಕ್ಸ್ ಎಂಬ ಭಾಗದಲ್ಲಿ ಒಂದು ಹೊಸ ಹೆಸರು ಕಂಡಿತು. ಬೆಂಗಳೂರಿನ ಯಾವುದೋ ಬೈಕ್ ಪ್ರವಾಸದ ತಂಡ. ಅವರ ಉಡುಪಿ ಪ್ರವಾಸದ ಪುಟದಲ್ಲಿ ‘ಮಲ್ಪೆ ಬೋಟ್ ಇದೆಯೋ ಇಲ್ಲವೋ ಹೊರಡುವ ಮೊದಲು ನೋಡಿಕೊಳ್ಳಿ’ ಅಂತ ಬರೆದು ಅಕ್ಕನ ಪುಟಕ್ಕೆ ಲಿಂಕ್ ಕೊಟ್ಟಿದ್ದರು. ಅವಳಿಗೆ ಕಳಿಸಿದೆ.

ಫೋನ್ ಬಂತು. ‘ನೋಡಿದೆ. ನಮ್ಮ ಹೋಮ್‌ಸ್ಟೇ ಹೆಸರೇ ಹಾಕ್ಲಿಲ್ಲ ಅಲ್ಲ ಮಾರಾಯ ಅವರು?’

‘ಅವರಿಗೆ ಬೇಕಾದ ಹೆಸರು ಹಾಕಿದ್ದಾರೆ ಅಕ್ಕ. ಬನ್ಸ್ ಅಲ್ಲ, ಮಂಗಳೂರು ಬನ್ಸ್.’

‘ಎಂತ ಬನ್ಸ್?’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಚೆ ಕಡೆ ಗಾಳಿಯ ಸದ್ದು ಕೇಳುತ್ತಿತ್ತು. ‘ಇರು, ಇವತ್ತು ಸಮುದ್ರ ಜೋರುಂಟು. ಆ ಸಾಲು ಬದಲಿಸಿ ಬರ್ತೇನೆ.’